ಮಕ್ಕಳ ಲೋಕಕ್ಕೆ ಬೀಗ ಹಾಕಿದ್ದೀರಾ?

ರಜೆ ಹತ್ತಿರ ಬಂತೆಂದರೆ ಡೊಂಬಿವಲಿ, ಕಲ್ಯಾಣ, ಠಾಣೆಯ ಕನ್ನಡಿಗರ ಮನೆಗಳಲ್ಲಿ ಊರಿನ ಟಿಕೆಟ್ಟಿನ ಚಿಂತೆ ಶುರು. ಊರಲ್ಲಿ ಕಳೆಯುವ ಆ ಹದಿನೈದು ದಿನ ಬಿಟ್ಟರೆ ಉಳಿದ ವರ್ಷವೆಲ್ಲಾ ನಮ್ಮ ಮಕ್ಕಳು ತಮ್ಮ ಓರಗೆಯವರನ್ನು ಕಾಣುವುದೆಲ್ಲಿ? ನಮ್ಮ ಮನೆಯಲ್ಲಿ ಅದಕ್ಕೆ ಸಿಕ್ಕ ಉತ್ತರ ‘ಮೈನ್‌ಕ್ರಾಫ್ಟ್’ ಆಟ. ಡೊಂಬಿವಲಿಯಲ್ಲಿರುವ ನನ್ನ ಮಗ, ಖಾರ್ಘರ್‌ನ ಭಾವನ ಮಗಳು, ಕುಂದಾಪುರದ ತಂಗಿಯ ಮಗ ಸಂಜೆ ಒಂದೇ ಲೋಕದೊಳಗೆ ಸೇರುತ್ತಾರೆ. ಮನೆ ಕಟ್ಟುತ್ತಾರೆ, ಬೆಳೆ ಬೆಳೆಯುತ್ತಾರೆ, ಫೋನಿನ ಸ್ಪೀಕರ್ ಹಾಕಿಕೊಂಡು ಜಗಳ ಆಡುತ್ತಾರೆ. ಕುಂದಾಪುರದವನಿಗೆ ಮರಾಠಿ ಬಾರದ ಕಾರಣ ಜಗಳವೆಲ್ಲ ಕನ್ನಡದಲ್ಲೇ. ನನಗೆ ಅದೇ ದೊಡ್ಡ ಲಾಭ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ವೀಡನ್ನಿನ ಮೊಜಾಂಗ್ ಕಂಪನಿ 2011ರಲ್ಲಿ ಪೂರ್ಣರೂಪದಲ್ಲಿ ಹೊರತಂದ ಈ ಆಟವನ್ನು 2014ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಚೌಕ ಚೌಕದ ಇಟ್ಟಿಗೆಗಳಿಂದ ಇಲ್ಲಿ ಏನನ್ನು ಬೇಕಾದರೂ ಕಟ್ಟಬಹುದು. ಬೇರೆ ಬೇರೆ ಊರಿನವರು ಕೂಡಿ ಆಡಬೇಕಾದರೆ ಆ ಲೋಕವನ್ನು ಒಂದು ಕಂಪ್ಯೂಟರ್ ನಡೆಸುತ್ತಿರಬೇಕು. ಅದೇ ಸರ್ವರ್. ಮೊದಲು ನನ್ನ ಲ್ಯಾಪ್‌ಟಾಪ್‌ನಲ್ಲೇ ನಡೆಸಿದೆವು. ಬೆಳಿಗ್ಗೆ ನಾನು ಅದನ್ನು ಹೆಗಲಿಗೇರಿಸಿ ಲೋಕಲ್ ಹತ್ತಿದರೆ ಕುಂದಾಪುರದಲ್ಲಿ ಆಟ ಬಂದ್. ಕೊನೆಗೆ ತಿಂಗಳ ಬಾಡಿಗೆಗೆ ಒಂದು ಸರ್ವರ್ ಹಿಡಿದೆ.

ಮಳೆಗಾಲದ ಒಂದು ಭಾನುವಾರ ಮಕ್ಕಳು ಒಳಹೊಕ್ಕಾಗ ಮೂರು ತಿಂಗಳು ಕಟ್ಟಿದ ಮರದ ಮನೆ ಸುಟ್ಟು ಬೂದಿ. ಕಂಬಳದ ಗದ್ದೆಯ ಸುತ್ತ ಸಿಡಿಮದ್ದಿನ ಗುಂಡಿಗಳು. ಸರ್ವರಿನ ದಾಖಲೆ ತೆಗೆದು ನೋಡಿದರೆ ರಾತ್ರಿ ಎರಡು ಅಪರಿಚಿತ ಹೆಸರುಗಳು ಬಂದುಹೋಗಿದ್ದವು. ‘ನಾವು ಯಾರಿಗೂ ವಿಳಾಸ ಹೇಳಿಲ್ಲವಲ್ಲ’ ಎಂದು ಮಗ ಅತ್ತ. ಹೇಳಬೇಕಾಗಿಯೇ ಇಲ್ಲ. ಈ ಸರ್ವರುಗಳು ಸಾಮಾನ್ಯವಾಗಿ 25565 ಎಂಬ ಪೋರ್ಟ್‌ನಲ್ಲಿ ಕಾಯುತ್ತವೆ. ಆ ಬಾಗಿಲನ್ನು ಅಂತರ್ಜಾಲದಾದ್ಯಂತ ತಟ್ಟಿ ನೋಡುತ್ತಾ ಹೋಗುವ ತಂತ್ರಾಂಶಗಳಿವೆ. ತಪ್ಪು ನನ್ನದು, ಬಾಗಿಲಿಗೆ ಬೀಗವೇ ಹಾಕಿರಲಿಲ್ಲ.

ಅಂದು ಸಂಜೆ ಮೂವರು ಮಕ್ಕಳನ್ನೂ ಫೋನಿನಲ್ಲಿ ಕೂರಿಸಿಕೊಂಡು ‘ಸರ್ವರ್ ಡಾಟ್ ಪ್ರಾಪರ್ಟೀಸ್’ ಎಂಬ ಕಡತ ತೆರೆದೆ. ಸಾಮಾನ್ಯ ಪಠ್ಯದ ಕಡತ. ಸಾಲಿಗೊಂದು ನಿಯಮ, ಎದುರಿಗೆ ‘ಟ್ರೂ’, ‘ಫಾಲ್ಸ್’ ಅಥವಾ ಒಂದು ಅಂಕೆ. ಬದಲಿಸಿದ ಮೇಲೆ ಸರ್ವರನ್ನು ನಿಲ್ಲಿಸಿ ಮತ್ತೆ ಶುರುಮಾಡಬೇಕು, ಅಷ್ಟೆ.

ಮೊದಲನೆಯದು ‘ವೈಟ್‌ಲಿಸ್ಟ್’. ಇದು ಆರಂಭದಲ್ಲಿ ‘ಫಾಲ್ಸ್’ ಆಗಿರುತ್ತದೆ, ಅಂದರೆ ಯಾರು ಬೇಕಾದರೂ ಒಳಗೆ ಬರಬಹುದು. ‘ಟ್ರೂ’ ಮಾಡಿ ಮಕ್ಕಳ ಹೆಸರು ಸೇರಿಸಿದರೆ ಪಟ್ಟಿಯಲ್ಲಿ ಇಲ್ಲದವರಿಗೆ ಪ್ರವೇಶವಿಲ್ಲ. ಎರಡನೆಯದು ‘ಆನ್‌ಲೈನ್ ಮೋಡ್’. ಒಳಬರುವವನ ಖಾತೆ ನಿಜವೇ ಎಂದು ಪರೀಕ್ಷಿಸುವುದು ಇದೇ. ಒಬ್ಬೊಬ್ಬ ಮಗುವಿಗೂ ಆಟ ಕೊಳ್ಳುವ ಖರ್ಚು ಉಳಿಸಲು ಕೆಲವರು ಇದನ್ನು ಆರಿಸುತ್ತಾರೆ. ಆಗ ಯಾರೋ ನಿಮ್ಮ ಮಗನ ಹೆಸರನ್ನೇ ಹಾಕಿಕೊಂಡು ಒಳನುಗ್ಗಬಹುದು. ವೈಟ್‌ಲಿಸ್ಟ್ ಇದ್ದೂ ಇಲ್ಲದಂತೆ. ಮೂರನೆಯದು ‘ಆಪರೇಟರ್’, ಅಂದರೆ ಯಜಮಾನಿಕೆ. ಇದರಲ್ಲಿ ನಾಲ್ಕು ಹಂತಗಳಿವೆ. ಅತಿ ಮೇಲಿನ ಹಂತದವನು ಸರ್ವರನ್ನೇ ನಿಲ್ಲಿಸಬಲ್ಲ. ಅದನ್ನು ದೊಡ್ಡವರೊಬ್ಬರೇ ಇಟ್ಟುಕೊಳ್ಳುವುದು ಒಳ್ಳೆಯದು.

ಉಳಿದವನ್ನು ಮಕ್ಕಳೇ ತೀರ್ಮಾನಿಸಲಿ ಎಂದೆ. ಒಬ್ಬರನ್ನೊಬ್ಬರು ಹೊಡೆಯಬಹುದೇ? ಬೇಡ. ಸತ್ತರೆ ಕೈಯಲ್ಲಿದ್ದ ಸಾಮಾನು ಉಳಿಯಬೇಕೇ? ಇದಕ್ಕೆ ಅರ್ಧ ಗಂಟೆ ವಾದ. ಕುಂದಾಪುರದವನಿಗೆ ಆಗಾಗ ಕರೆಂಟು ಹೋಗುತ್ತದೆ, ಆಟದ ನಡುವೆಯೇ ಸಾಯುತ್ತಾನೆ. ಹಾಗಾಗಿ ಉಳಿಯಲಿ ಎಂದು ಖಾರ್ಘರ್‌ನವಳು ತೀರ್ಪು ಕೊಟ್ಟಳು.

ಆಟ ತಡವರಿಸುತ್ತದೆ ಎಂಬ ದೂರೂ ಇತ್ತು. ಒಬ್ಬ ಆಟಗಾರನ ಸುತ್ತ ಎಷ್ಟು ದೂರ ಲೋಕ ಕಾಣಬೇಕೆಂದು ಹೇಳುವ ‘ವ್ಯೂ ಡಿಸ್ಟೆನ್ಸ್’ ಮೊದಲಿಗೆ 10 ಇರುತ್ತದೆ. ಅಂದರೆ 21ರ ಉದ್ದ, 21ರ ಅಗಲ. ಒಟ್ಟು 441 ತುಂಡುಗಳನ್ನು ಸರ್ವರ್ ಹೊರಬೇಕು. 6ಕ್ಕೆ ಇಳಿಸಿದರೆ 169 ಮಾತ್ರ. ಇನ್ನೊಂದು ಕಾರಣ ದೂರ. ನಾನು ಅಗ್ಗಕ್ಕೆ ಹಿಡಿದ ಸರ್ವರ್ ಯುರೋಪಿನಲ್ಲಿತ್ತು. ಗಾಜಿನ ನಾರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹೋಗಿ ಬರುವ 13 ಸಾವಿರ ಕಿ.ಮೀ.ಗೆ ಕಡಿಮೆಯೆಂದರೂ 65 ಮಿಲಿಸೆಕೆಂಡು ಬೇಕು. ಕೇಬಲ್ ಸುತ್ತಿ ಬರುವುದರಿಂದ ನಿಜಕ್ಕೂ ಇನ್ನೂ ಹೆಚ್ಚು. ಈ ಆಟದ ಗಡಿಯಾರವೋ 50 ಮಿಲಿಸೆಕೆಂಡಿಗೊಮ್ಮೆ ಬಡಿಯುತ್ತದೆ. ನಮ್ಮ ಐರೋಲಿ, ಮಹಾಪೆ, ರಬಾಳೆಗಳಲ್ಲಿ ಕಾರ್ಖಾನೆಗಳ ಪಕ್ಕದಲ್ಲೇ ಡೇಟಾ ಸೆಂಟರುಗಳು ಎದ್ದಿರುವಾಗ ಮಕ್ಕಳ ಲೋಕವನ್ನು ಯುರೋಪಿನಲ್ಲಿ ಇಡುವುದೇಕೆ? ಮುಂಬಯಿಯ ಸರ್ವರಿಗೆ ಬದಲಾದೆವು. ಬಾಡಿಗೆ ಸ್ವಲ್ಪ ಹೆಚ್ಚು, ತಡವರಿಕೆ ನಿಂತಿತು.

ಕಡತದಲ್ಲಿ ಇಲ್ಲದ ಒಂದು ನಿಯಮವನ್ನೂ ಮಾಡಿಕೊಂಡೆವು. ವಾರಕ್ಕೊಮ್ಮೆ ಸರ್ವರ್ ನಿಲ್ಲಿಸಿ ‘ವರ್ಲ್ಡ್’ ಎಂಬ ಫೋಲ್ಡರನ್ನು ಬೇರೆಡೆಗೆ ನಕಲು ಮಾಡಿಡುವುದು. ಮೊದಲೇ ಮಾಡಿದ್ದರೆ ಸುಟ್ಟ ಮನೆ ಐದು ನಿಮಿಷದಲ್ಲಿ ಮರಳಿ ಬರುತ್ತಿತ್ತು.

ಕೊನೆಯ ಸೆಟ್ಟಿಂಗ್ ಸರ್ವರಿನದಲ್ಲ, ಆಡುವವರ ಪರದೆಯದು: ಭಾಷೆ. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಯ ಪಟ್ಟಿಯಲ್ಲಿ ಕನ್ನಡವೂ ಇದೆ. ಅನುವಾದ ಮಾಡುವವರು ಸ್ವಯಂಸೇವಕರು. ‘ಕ್ರೌಡಿನ್’ ಎಂಬ ತಾಣದ ಮೂಲಕ ನೀವೂ ಕೈಜೋಡಿಸಬಹುದು. ಕನ್ನಡ ಶಾಲೆಯ ಮೆಟ್ಟಿಲು ಹತ್ತದ ನನ್ನ ಮಗ ಈಗ ಅಲ್ಲಿನ ಪದಗಳನ್ನು ಅಕ್ಷರ ಕೂಡಿಸಿ ಓದುತ್ತಾನೆ. ಅರ್ಥವಾಗದ್ದನ್ನು ನನ್ನನ್ನಲ್ಲ, ಕುಂದಾಪುರಕ್ಕೆ ಫೋನ್ ಮಾಡಿ ಕೇಳುತ್ತಾನೆ.

ನಿಮ್ಮ ಮನೆಯಲ್ಲೂ ಇಂಥ ಸರ್ವರ್ ಇದ್ದರೆ ಮಕ್ಕಳನ್ನು ಗದರಿಸುವ ಮೊದಲು ಒಂದು ಗಂಟೆ ಪಕ್ಕದಲ್ಲಿ ಕುಳಿತು ಆ ಕಡತ ಓದಿ. ವೈಟ್‌ಲಿಸ್ಟ್ ಸಾಲಿನಿಂದಲೇ ಶುರುಮಾಡಿ. ಅಂದಹಾಗೆ, ನಮ್ಮ ಕಂಬಳದ ಗದ್ದೆ ಮತ್ತೆ ಎದ್ದಿದೆ. ಕೋಣಗಳಿನ್ನೂ ಆಗಬೇಕಷ್ಟೆ.