ಕರೆಂಟು ಹೋದದ್ದೇ ಒಳ್ಳೆಯದಾಯಿತು!

"ಕಂಪ್ಯೂಟರ್ ಕಳ್ಳರಿಂದ ಯಾವುದೋ ದೊಡ್ಡ ಕಂಪನಿಗೆ ನಷ್ಟವಾದರೆ ನಮಗೇನ್ರೀ, ನೀವು ಹಾಡು ಹಾಕಿ" ಎಂದು ಕೇಳುಗರೊಬ್ಬರು ಫೋನಿನಲ್ಲಿ ಹೇಳಿದ್ದರು. ಹಾಡೇನೋ ಹಾಕಿದೆ. ಉತ್ತರ ಬಾಕಿ ಉಳಿದಿತ್ತು.

2017ರ ಜೂನ್ ಕೊನೆಯ ವಾರ. ನಮ್ಮ ನವಿ ಮುಂಬಯಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್‌ನಲ್ಲಿ ಇದ್ದಕ್ಕಿದ್ದಂತೆ ಕೆಲಸ ನಿಂತಿತು. ಕ್ರೇನು ಇತ್ತು, ಲಾರಿ ಇತ್ತು, ಜನರೂ ಇದ್ದರು. ಯಾವ ಕಂಟೇನರ್ ಯಾರದು, ಎಲ್ಲಿಗೆ ಹೋಗಬೇಕು ಎಂದು ಹೇಳುವ ಕಂಪ್ಯೂಟರ್ ಮಾತ್ರ ಮೂಕವಾಗಿತ್ತು. ಆ ಟರ್ಮಿನಲ್ ನಡೆಸುತ್ತಿದ್ದುದು ಡೆನ್ಮಾರ್ಕಿನ ಮೇರ್ಸ್ಕ್ ಸಮೂಹ. ಅದರ 76 ಟರ್ಮಿನಲ್‌ಗಳ ಪೈಕಿ 17ರಲ್ಲಿ ಇದೇ ಗತಿ.

ವೈರಸ್ ಹೊರಟಿದ್ದು ಉಕ್ರೇನಿನಿಂದ. ಅಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುವ ಒಂದು ಸಾಫ್ಟ್‌ವೇರ್ ಇದೆ. ಅದರ ಹೊಸ ಆವೃತ್ತಿಯೊಳಗೆ ಯಾರೋ 'ನಾಟ್‌ಪೆಟ್ಯಾ' ಎಂಬ ವೈರಸ್ಸನ್ನು ಸೇರಿಸಿಬಿಟ್ಟರು. ರಷ್ಯಾದ ಸೇನೆಯ ಕೈವಾಡ ಇದೆಂದು 2018ರಲ್ಲಿ ಅಮೆರಿಕ, ಬ್ರಿಟನ್ ಹೇಳಿದವು, ರಷ್ಯಾ ಒಪ್ಪಲಿಲ್ಲ. ಪರದೆಯ ಮೇಲೆ 300 ಡಾಲರ್ ಕೊಡಿ ಎಂಬ ಬೇಡಿಕೆ ಬರುತ್ತಿತ್ತು. ಅದು ಬರೀ ನಾಟಕ. ಕೊಟ್ಟರೂ ಕಡತಗಳು ಮರಳುವಂತಿರಲಿಲ್ಲ.

ಮೇರ್ಸ್ಕ್ ಹತ್ತು ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರ್‌ಗಳಿಗೆ ಮತ್ತೆ ಮೊದಲಿನಿಂದ ಎಲ್ಲವನ್ನೂ ತುಂಬಬೇಕಾಯಿತು. ಇಲ್ಲೊಂದು ಸ್ವಾರಸ್ಯವಿದೆ. ಜಾಲದಲ್ಲಿ ಯಾರು ಯಾರು, ಯಾರಿಗೆ ಎಲ್ಲಿ ಪ್ರವೇಶ ಎಂಬ ಪಟ್ಟಿ ಇಡುವ ಮುಖ್ಯ ಕಂಪ್ಯೂಟರ್‌ಗಳು ಸುಮಾರು 150 ಇದ್ದವು. ಒಂದು ಕೆಟ್ಟರೆ ಇನ್ನೊಂದರಲ್ಲಿ ಪ್ರತಿ ಇರುತ್ತದೆ ಎಂಬ ಧೈರ್ಯ. ಎಲ್ಲವೂ ಒಟ್ಟಿಗೇ ಹೋಗಬಹುದೆಂದು ಯಾರೂ ಎಣಿಸಿರಲಿಲ್ಲ. ಉಳಿದದ್ದು ಒಂದೇ, ಆಫ್ರಿಕಾದ ಘಾನಾದಲ್ಲಿ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು! ಕರೆಂಟು ಹೋದಾಗಲೆಲ್ಲ ಶಾಪ ಹಾಕುವ ನಾನು ಇದನ್ನು ಓದಿ ಸುಮ್ಮನಾದೆ. ಘಾನಾದವರಿಗೆ ಬ್ರಿಟನ್ ವೀಸಾ ಇರಲಿಲ್ಲ. ಒಬ್ಬರು ಆ ಹಾರ್ಡ್ ಡಿಸ್ಕನ್ನು ನೈಜೀರಿಯಾಕ್ಕೆ ಒಯ್ದು, ಅಲ್ಲಿನ ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗಿತ್ತರು. ಅವರು ಲಂಡನ್ನಿಗೆ ಹಾರಿದರು.

ಮೇರ್ಸ್ಕ್‌ಗೆ ಆದ ನಷ್ಟ ಸುಮಾರು 30 ಕೋಟಿ ಡಾಲರ್, ಅಂದಿನ ದರದಲ್ಲಿ 1,900 ಕೋಟಿ ರೂಪಾಯಿ. ಜಗತ್ತಿನಾದ್ಯಂತ ಆ ಒಂದು ವೈರಸ್ಸಿನಿಂದಾದ ಹಾನಿ 1,000 ಕೋಟಿ ಡಾಲರ್ ಎಂಬುದು ಅಮೆರಿಕ ಸರಕಾರದ ಅಂದಾಜು. ಇದರಲ್ಲಿ ಕದ್ದ ಹಣ ಎಷ್ಟು ಗೊತ್ತೇ? ಇಲ್ಲವೆನ್ನುವಷ್ಟು ಕಡಿಮೆ. ಎಲ್ಲವೂ ಕೆಲಸ ನಿಂತ ನಷ್ಟ.

ಲೆಕ್ಕಕ್ಕೆ ಸಿಗುವುದು ಇಷ್ಟೇ. 2024ರಲ್ಲಿ ಅಮೆರಿಕದ ಎಫ್‌ಬಿಐಗೆ ಬಂದ ದೂರುಗಳ ಪ್ರಕಾರ ಒಂದು ವರ್ಷದ ನಷ್ಟ 1,660 ಕೋಟಿ ಡಾಲರ್. ಅದು ದೂರು ಕೊಟ್ಟವರದು ಮಾತ್ರ. ಮಾನ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡ ಕಂಪನಿಗಳು, ಬಂದರಿನ ಗೇಟಿನಲ್ಲಿ ಬಾಡಿಗೆಯಿಲ್ಲದೆ ಕಾದ ಲಾರಿ ಚಾಲಕರು, ಇವರನ್ನೆಲ್ಲ ಬರೆದಿಟ್ಟವರು ಯಾರು?

ಇದನ್ನು ಬರೆಯುವಾಗ ನಮ್ಮ ಸ್ಟುಡಿಯೋದ ತಂತ್ರಜ್ಞರನ್ನು ಕೇಳಿದೆ: "ನಮ್ಮ ಹಾಡುಗಳ ಇನ್ನೊಂದು ಪ್ರತಿ ಎಲ್ಲಿದೆ ಸಾರ್?" ಅವರು ತೋರಿಸಿದ ಹಾರ್ಡ್ ಡಿಸ್ಕ್ ಅದೇ ಕಂಪ್ಯೂಟರಿಗೆ ಸದಾ ಸಿಕ್ಕಿಸಿಯೇ ಇತ್ತು. ಈಗ ಅದು ವೈರು ಬಿಚ್ಚಿಸಿಕೊಂಡು ಕಪಾಟಿನಲ್ಲಿದೆ, ಹಳೆಯ ಕ್ಯಾಸೆಟ್ಟುಗಳ ಪಕ್ಕದಲ್ಲಿ.