ಫೋನಿನ ಮುಂದೆ ಕುಣಿದರೆ ಗೊಂಬೆ ಕುಣಿದೀತೇ?

ಕುಣಿಯುತ್ತದೆ. ಆದರೆ ಮೊದಲ ಸಲ ಅದರ ಕಾಲು ನೆಲದ ಮೇಲೆ ಜಾರುತ್ತದೆ, ಕೈ ಒಮ್ಮೊಮ್ಮೆ ಹೊಟ್ಟೆಯೊಳಗೇ ಹೊಕ್ಕುಬಿಡುತ್ತದೆ. ಯಾಕೆ ಹೀಗಾಗುತ್ತದೆ ಎಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಆನಿಮೇಷನ್ ಪಾತ್ರವನ್ನು ನಡೆಸಲು ಎರಡು ದಾರಿಗಳಿವೆ. ಒಂದು, ಮುಖ್ಯ ಭಂಗಿಗಳನ್ನು ಒಂದೊಂದಾಗಿ ಕೈಯಿಂದಲೇ ಕೂರಿಸುತ್ತಾ ಹೋಗುವುದು. ಇದಕ್ಕೆ ಕೀಫ್ರೇಮಿಂಗ್ ಎನ್ನುತ್ತಾರೆ. ಇನ್ನೊಂದು ಮೋಷನ್ ಕ್ಯಾಪ್ಚರ್. ನಿಜವಾದ ಮನುಷ್ಯನ ಚಲನೆಯನ್ನು ಅಳೆದು ಪಾತ್ರಕ್ಕೆ ಕೊಡುವುದು. ಹಾಲಿವುಡ್ಡಿನಲ್ಲಿ ನಟ ಆಂಡಿ ಸರ್ಕಿಸ್ ಗೊಲ್ಲಮ್ ಎಂಬ ಪಾತ್ರವಾಗಿದ್ದು, 2014ರ ‘ಕೋಚಡೈಯಾನ್’ ಚಿತ್ರದಲ್ಲಿ ರಜನಿಕಾಂತ್ ಆನಿಮೇಷನ್ ರೂಪದಲ್ಲಿ ಬಂದಿದ್ದು ಈ ಎರಡನೆಯ ದಾರಿಯಲ್ಲಿ. ಅಂಥ ಕೆಲಸಕ್ಕೆ ಮೈಗಂಟುವ ವಿಶೇಷ ಉಡುಪು, ಸುತ್ತಲೂ ಕ್ಯಾಮೆರಾ, ದೊಡ್ಡ ಸ್ಟುಡಿಯೊ ಎಲ್ಲ ಬೇಕು. ಈಗ ಬಂದಿರುವ ಎಐ ತಂತ್ರಾಂಶಗಳಿಗೆ ಸಾಮಾನ್ಯ ಫೋನಿನ ವಿಡಿಯೊ ಸಾಕು.

ಒಳಗೆ ಏನು ನಡೆಯುತ್ತದೆ? ಮೊದಲು ತಂತ್ರಾಂಶ ವಿಡಿಯೊದ ಪ್ರತಿ ಚಿತ್ರದಲ್ಲೂ ಭುಜ, ಮೊಣಕೈ, ಸೊಂಟ, ಮಂಡಿ, ಹಿಮ್ಮಡಿಗಳನ್ನು ಗುರುತಿಸುತ್ತದೆ. ಗೂಗಲ್‌ನ ಮೀಡಿಯಾಪೈಪ್ ಎಂಬ ಉಚಿತ ಸಾಧನ ಮೈಮೇಲೆ ಇಂಥ 33 ಬಿಂದುಗಳನ್ನು ಹುಡುಕುತ್ತದೆ. ಆಮೇಲೆ ಕಷ್ಟದ ಭಾಗ. ವಿಡಿಯೊ ಚಪ್ಪಟೆ. ಕೈ ಮುಂದಕ್ಕೆ ಚಾಚಿದೆಯೋ ಹಿಂದಕ್ಕೆ ಹೋಗಿದೆಯೋ ಎಂದು ಅದರಲ್ಲಿ ನೇರವಾಗಿ ಕಾಣದು. ಮನುಷ್ಯರ ಚಲನೆಯ ಅಪಾರ ಮಾದರಿಗಳಿಂದ ಕಲಿತ ಎಐ ಆ ಆಳವನ್ನು ಊಹಿಸುತ್ತದೆ. ಕೊನೆಗೆ ಬಿಂದುಗಳನ್ನು ಎಲುಬುಗಳ ತಿರುವುಗಳಾಗಿ ಬದಲಿಸಿ ಒಂದು ಫೈಲ್ ಕೊಡುತ್ತದೆ. ಬಿವಿಎಚ್ ಅಥವಾ ಎಫ್‌ಬಿಎಕ್ಸ್ ಎಂಬ ಬಗೆಯ ಈ ಫೈಲಿನಲ್ಲಿ ನಿಮಗೆ ಬೇಕಾದ್ದು ಚಲನೆಯ ಲೆಕ್ಕ. ಅದನ್ನು ನಿಮ್ಮ ಪಾತ್ರದ ರಿಗ್‌ಗೆ, ಅಂದರೆ ಗೊಂಬೆಯೊಳಗಿನ ಎಲುಬಿನ ಗೂಡಿಗೆ, ಹೊಂದಿಸಬೇಕು. ಇದಕ್ಕೆ ರೀಟಾರ್ಗೆಟಿಂಗ್ ಎಂದು ಹೆಸರು.

ಊಹೆ ಎಂಬ ಮಾತನ್ನು ಮರೆಯಬೇಡಿ. ಕ್ಯಾಮೆರಾಕ್ಕೆ ಕಾಣದ್ದನ್ನೆಲ್ಲ ಎಐ ತಾನೇ ಕಲ್ಪಿಸಿಕೊಳ್ಳುತ್ತದೆ. ಹಾಗಾಗಿ ದುಬಾರಿ ತಂತ್ರಾಂಶಕ್ಕಿಂತ ಒಳ್ಳೆಯ ಚಿತ್ರೀಕರಣ ಮುಖ್ಯ ಎನ್ನುವುದು ನನ್ನ ಅಭಿಪ್ರಾಯ.

ಫೋನನ್ನು ಸ್ಟ್ಯಾಂಡಿನ ಮೇಲೆ ಎದೆಮಟ್ಟಕ್ಕೆ ಅಲುಗದಂತೆ ಇಡಿ. ತಲೆಯಿಂದ ಪಾದದವರೆಗೆ ಮೈಯೆಲ್ಲ ಕಾಣಲಿ. ಪಾದ ಕತ್ತರಿಸಿಹೋದರೆ ಉಳಿದದ್ದು ಚೆನ್ನಾಗಿದ್ದೂ ಪ್ರಯೋಜನವಿಲ್ಲ. ಹಗಲು ಬೆಳಕಿನಲ್ಲಿ, ಸೆಕೆಂಡಿಗೆ 60 ಫ್ರೇಮ್‌ನಂತೆ ತೆಗೆಯಿರಿ. ಮಂದ ಬೆಳಕಿನಲ್ಲಿ ವೇಗದ ಕೈ ಮಸುಕಾಗಿ, ಅದು ಎಲ್ಲಿದೆ ಎಂಬುದೇ ತಂತ್ರಾಂಶಕ್ಕೆ ತಿಳಿಯುವುದಿಲ್ಲ. ಗೋಡೆಗಿಂತ ಬೇರೆ ಬಣ್ಣದ, ಮೈಗೆ ಹತ್ತಿದ ಬಟ್ಟೆ ಇರಲಿ. ಚೌಕಟ್ಟಿನಲ್ಲಿ ಒಬ್ಬರೇ ಇರಲಿ. ಆರಂಭದಲ್ಲಿ ಎರಡೂ ಕೈ ಪಕ್ಕಕ್ಕೆ ಚಾಚಿ ಒಂದು ಕ್ಷಣ ನಿಲ್ಲುವುದು ಒಳ್ಳೆಯದು.

ಯಕ್ಷಗಾನದ ಪಾತ್ರ ಮಾಡಹೊರಟವರಿಗೆ ಇಲ್ಲೊಂದು ಕಿವಿಮಾತು. ವೇಷ ಕಟ್ಟಿದ ಕಲಾವಿದರ ವಿಡಿಯೊ ಎಷ್ಟು ಚಂದವಿದ್ದರೂ ಈ ಕೆಲಸಕ್ಕೆ ಒದಗದು. ಭುಜಕೀರ್ತಿ ಭುಜವನ್ನು ಮುಚ್ಚುತ್ತದೆ, ಸೊಂಟದ ಬಟ್ಟೆ ತೊಡೆಯನ್ನು ನುಂಗುತ್ತದೆ, ಕಿರೀಟದಿಂದ ತಲೆಯ ಅಳತೆ ತಪ್ಪುತ್ತದೆ. ಅಭ್ಯಾಸದ ಉಡುಪಿನಲ್ಲೇ ಕುಣಿಸಿ. ವೇಷವನ್ನು ಆಮೇಲೆ ಕಂಪ್ಯೂಟರಿನಲ್ಲಿ ತೊಡಿಸಬಹುದು. ಧೀಂಗಿಣದಲ್ಲಿ ಮೈ ಗಿರ್ರನೆ ತಿರುಗುವಾಗ ಎಡಗಾಲು ಯಾವುದು, ಬಲಗಾಲು ಯಾವುದು ಎಂದು ಎಐ ಗೊಂದಲಕ್ಕೆ ಬೀಳುತ್ತದೆ. ಮಂಡಿ ಹಾಕಿ ಸುತ್ತುವಾಗಲಂತೂ ಒಂದು ಕಾಲು ಇನ್ನೊಂದನ್ನು ಪೂರ್ತಿ ಮರೆಮಾಡುತ್ತದೆ. ಅಂಥ ಕಡೆ ಎದುರಿಗೊಂದು, ಪಕ್ಕಕ್ಕೊಂದು ಎಂದು ಎರಡು ಕ್ಯಾಮೆರಾ ಇಡಲೇಬೇಕು. ಎರಡನ್ನೂ ಒಟ್ಟಿಗೆ ಓದಬಲ್ಲ ತಂತ್ರಾಂಶವನ್ನೇ ಆರಿಸಿಕೊಳ್ಳಿ. ಇನ್ನೊಂದು ಮಾತು. ಯೂಟ್ಯೂಬಿನಲ್ಲಿ ಸಿಕ್ಕ ಕುಣಿತವನ್ನು ಕೇಳದೆ ಬಳಸಬೇಡಿ. ಕುಣಿತ ಕಲಾವಿದರ ದುಡಿಮೆ. ಅವರ ಒಪ್ಪಿಗೆ ಪಡೆಯಿರಿ, ಸಂಭಾವನೆ ಕೊಡಿ, ಹೆಸರು ಹಾಕಿ.

ಇನ್ನು ಈ ತಂತ್ರಾಂಶ ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ ಎಂಬ ಪ್ರಶ್ನೆ. ರೊಕೊಕೊ ವಿಷನ್, ಡೀಪ್‌ಮೋಷನ್‌ನ ಆನಿಮೇಟ್ 3ಡಿ, ಮೂವ್ ಎಐ ಹೆಸರಾದವು. ಇಂಥ ಸೇವೆಗಳಿಗೆ ಸಾಮಾನ್ಯವಾಗಿ ವಿಡಿಯೊ ಕಳಿಸಿದರೆ ಲೆಕ್ಕವೆಲ್ಲ ಅವರ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಆ ಹಂತಕ್ಕೆ ನಿಮ್ಮ ಹಳೆಯ ಲ್ಯಾಪ್‌ಟಾಪ್ ಸಾಕು, ಇಂಟರ್ನೆಟ್ ಮಾತ್ರ ಚೆನ್ನಾಗಿರಬೇಕು. ಉಚಿತವಾಗಿ ಕೊಡುವ ಕಡೆ ವಿಡಿಯೊದ ಉದ್ದಕ್ಕೋ ತಿಂಗಳ ಬಳಕೆಗೋ ಮಿತಿ ಇರುತ್ತದೆ. ಹೆಚ್ಚು ಬೇಕಾದರೆ ತಿಂಗಳ ಚಂದಾ, ಅದೂ ಬಹುಪಾಲು ಡಾಲರಿನಲ್ಲಿ. ಹಣ ಪಡೆದು ಮಾಡುವ ಕೆಲಸವಾದರೆ ಷರತ್ತುಗಳನ್ನು ಓದಿಕೊಳ್ಳಿ. ಕೆಲವು ಉಚಿತ ಯೋಜನೆಗಳಲ್ಲಿ ವಾಣಿಜ್ಯ ಬಳಕೆಗೆ ಅನುಮತಿ ಇಲ್ಲ. ಕಾಸು ಕೊಡದೆ, ವಿಡಿಯೊ ಹೊರಗೆ ಕಳಿಸದೆ ಮಾಡಬೇಕೆಂದಿದ್ದರೆ ಫ್ರೀಮೊಕ್ಯಾಪ್ ಇದೆ. ಅದು ಹಲವು ವೆಬ್‌ಕ್ಯಾಮ್‌ಗಳನ್ನು ಜೋಡಿಸಿ ನಿಮ್ಮದೇ ಕಂಪ್ಯೂಟರಿನಲ್ಲಿ ಓಡುವ ಮುಕ್ತ ತಂತ್ರಾಂಶ. ಹೊಂದಿಸಿಕೊಳ್ಳಲು ತಾಳ್ಮೆ ಬೇಕು. ಪಾತ್ರವೇ ಇಲ್ಲದವರು ಅಡೋಬಿಯ ಮಿಕ್ಸಾಮೊದಿಂದ ರಿಗ್ ಸಮೇತ ಪಾತ್ರವನ್ನು ಉಚಿತವಾಗಿ ಇಳಿಸಿಕೊಳ್ಳಬಹುದು.

ಫೈಲ್ ಸಿಕ್ಕಿತು. ಕೆಲಸ ಮುಗಿಯಿತೇ? ಇಲ್ಲ, ಈಗ ತೊಳೆಯುವ ಕೆಲಸ. ಉಚಿತವಾದ ಬ್ಲೆಂಡರ್ ತಂತ್ರಾಂಶದಲ್ಲಿ ಅದನ್ನು ತೆರೆಯಿರಿ. ಮೊದಲು ವೇಗ ನೋಡಿ. ಬ್ಲೆಂಡರ್ ತಾನಾಗಿ ಸೆಕೆಂಡಿಗೆ 24 ಫ್ರೇಮ್ ಎಂದುಕೊಂಡಿರುತ್ತದೆ, ನಿಮ್ಮ ಫೈಲ್ 30 ಅಥವಾ 60ರದ್ದಾಗಿರಬಹುದು. ಎರಡೂ ಹೊಂದದಿದ್ದರೆ ಗೊಂಬೆ ನೀರಿನೊಳಗೆ ನಡೆದಂತೆ ನಿಧಾನಿಸೀತು. ಆಮೇಲೆ ಪಾದ. ಹೆಜ್ಜೆ ಊರಿದ ಫ್ರೇಮಿನಿಂದ ಎತ್ತುವ ಫ್ರೇಮಿನವರೆಗೆ ಪಾದವನ್ನು ಐಕೆ ಬಳಸಿ ನೆಲಕ್ಕೆ ಕಟ್ಟಿಹಾಕಿ. ಪಾದ ಇಟ್ಟಲ್ಲೇ ಇದ್ದು, ಮಂಡಿ ತಾನಾಗಿ ಬಾಗುವಂತೆ ಮಾಡುವ ವ್ಯವಸ್ಥೆ ಅದು. ನಡುಕ ಹೋಗಲೆಂದು ಚಲನೆಯ ಗೆರೆಗಳನ್ನು ನಯಗೊಳಿಸುವ ಸೌಲಭ್ಯವೂ ಇದೆ. ಕೈ ಬಿಗಿಹಿಡಿದು ಬಳಸಿ. ಅತಿಯಾದರೆ ಹೆಜ್ಜೆ ಬಡಿತದ ಬಿರುಸೇ ಹೋಗಿ ಕುಣಿತ ಸಪ್ಪೆಯಾಗುತ್ತದೆ.

ನಾಯಿ, ಕುದುರೆ ಆದೀತೇ ಎಂದು ಕೇಳಬಹುದು. ಈ ತಂತ್ರಾಂಶಗಳು ಮನುಷ್ಯರ ಮೈಗೆಂದು ತಯಾರಾದವು, ನಾಲ್ಕು ಕಾಲಿನ ಪ್ರಾಣಿಗೆ ಕೈಕೆಲಸವೇ ಸರಿ. ಹಿಗ್ಗಿ ಕುಗ್ಗುವ ಕಾರ್ಟೂನ್ ಪಾತ್ರಕ್ಕೂ ಹಾಗೆಯೇ. ಬೆರಳುಗಳನ್ನು ಕೆಲವು ತಂತ್ರಾಂಶಗಳು ಹಿಡಿಯುತ್ತವೆ, ಆದರೆ ಹಸ್ತಮುದ್ರೆಗಳನ್ನು ನಂಬಿ ಬಿಡುವಷ್ಟಲ್ಲ. ಮುಖಭಾವಕ್ಕೆ ಬೇರೆಯೇ ದಾರಿ. ಎಪಿಕ್ ಗೇಮ್ಸ್‌ನ ಲೈವ್ ಲಿಂಕ್ ಫೇಸ್ ಎಂಬ ಉಚಿತ ಆ್ಯಪ್ ಐಫೋನಿನ ಮುಂಬದಿಯ ಕ್ಯಾಮೆರಾದಿಂದ ಹುಬ್ಬು, ಕಣ್ಣು, ತುಟಿಗಳ ಚಲನೆಯನ್ನು ಹಿಡಿಯುತ್ತದೆ. ಮೈ ಮತ್ತು ಮುಖವನ್ನು ಬೇರೆ ಬೇರೆ ತೆಗೆಯುವುದಾದರೆ ಎರಡರಲ್ಲೂ ಆರಂಭಕ್ಕೆ ಒಂದು ಚಪ್ಪಾಳೆ ಹೊಡೆದುಕೊಳ್ಳಿ. ಜೋಡಿಸುವಾಗ ಅದೇ ಗುರುತು.