ಆಸ್ಪತ್ರೆಯ ಬಾಗಿಲಲ್ಲಿ ದುಭಾಷಿ

ಪರಸ್ಥಳದಲ್ಲಿ ಕಾಯಿಲೆ ಬಿದ್ದವರಿಗೆ ಕಷ್ಟಗಳು ಎರಡು. ಒಂದು ರೋಗದ್ದು, ಇನ್ನೊಂದು, ಬಾಯಿದ್ದೂ ಅದನ್ನು ಹೇಳಿಕೊಳ್ಳಲು ಭಾಷೆಯಿಲ್ಲದ್ದು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ದೊಡ್ಡ ಆಸ್ಪತ್ರೆಗಳನ್ನರಸಿ ಹೈದರಾಬಾದಿಗೆ ಬರುವ ನಮ್ಮ ಜನರ ಮುಖದಲ್ಲಿ ಈ ಎರಡನೆಯ ಕಷ್ಟವನ್ನು ನಾವು ಅನೇಕ ಸಲ ಕಂಡಿದ್ದೇವೆ.

ಈ ದಾರಿ ಇಂದು ನಿನ್ನೆಯದಲ್ಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರುವ ತನಕ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದು ರಾಜ್ಯದಲ್ಲಿಯೇ ಇದ್ದವು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಅದೇ. ಅಂದು ಓದಿದ ಕನ್ನಡಿಗರು ಮನೆಯಲ್ಲೊಂದು, ಕಚೇರಿಯಲ್ಲೊಂದು ಮಾತನಾಡಿ ಬಾಳಿದರು. ಬಳಿಕ ಗಡಿಗಳು ಬದಲಾದವು. ಆದರೂ ಬೀದರದ ರೋಗಿಗೆ ಬೆಂಗಳೂರಿಗಿಂತ ಹೈದರಾಬಾದು ಇಂದಿಗೂ ಬಹಳ ಹತ್ತಿರ.

ನಮ್ಮಲ್ಲಿ ಕೆಲವರು ಸರದಿಯ ರಜೆಯ ದಿನ ಬೆಳಿಗ್ಗೆ ಇಲ್ಲಿನ ಒಂದು ಆಸ್ಪತ್ರೆಗೆ ಹೋಗಿ, ಇಂಥವರಿಗೆ ದುಭಾಷಿಗಳಾಗಿ ನಿಲ್ಲುತ್ತೇವೆ. ಒಬ್ಬರು ಹೋಟೆಲಿನ ಗಲ್ಲೆಯಲ್ಲಿ ಕುಳಿತುಕೊಳ್ಳುವವರು, ಒಬ್ಬರು ಮಾಣಿ, ಉಳಿದವರು ಗುಮಾಸ್ತರು. ಹತ್ತು ಗಿರಾಕಿಗಳ ಮಾತನ್ನು ಒಮ್ಮೆಗೇ ಕೇಳಿ ಅಡುಗೆಮನೆಗೆ ಒಪ್ಪಿಸಬಲ್ಲ ನಮಗೆ ಇದೇನು ಮಹಾ ಎಂಬ ಜಂಬ ಮೊದಲಿಗಿತ್ತು. ಅದನ್ನಿಳಿಸಿದವರು ಬೀದರ ಕಡೆಯ ಒಬ್ಬ ಅಜ್ಜಿ.

ಕೆಮ್ಮು ಯಾವಾಗಿನಿಂದ ಎಂದು ವೈದ್ಯರು ಉರ್ದುವಿನಲ್ಲಿ ಕೇಳಿದರು. “ಮೊನ್ನಿಂದ ಹತ್ಯಾದ್ರೀ” ಎಂದರು ಅಜ್ಜಿ. ಹಿಂದೆ ಸಾಲು ಉದ್ದವಾಗಿತ್ತು. ನಾವು ತಡಮಾಡದೆ “ಪರ್ಸೋಂ ಸೇ” ಎಂದೆವು. ವೈದ್ಯರು ಎರಡು ದಿನದ ಕೆಮ್ಮೆಂದು ಬರೆದು ಔಷಧದ ಚೀಟಿ ನೀಡುವಷ್ಟರಲ್ಲಿ ಅಜ್ಜಿ, “ಮೊನ್ನಿ ಜ್ವಾಳದ ರಾಶಿ ಮಾಡಾಗ ಹತ್ತಿದ್ದು, ಇನ್ನಾ ಬಿಟ್ಟಿಲ್ಲ ನೋಡಪ್ಪಾ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಹೊರಗೆ ಮುಂಗಾರಿನ ಮಳೆ ಹನಿಯುತ್ತಿತ್ತು. ಹಿಂಗಾರಿ ಜೋಳದ ರಾಶಿಯೆಂದರೆ ಬೇಸಗೆಯ ಆರಂಭ! ನಾಲ್ಕು ತಿಂಗಳ ಕೆಮ್ಮನ್ನು ನಾವು ಎರಡು ದಿನಕ್ಕೆ ಇಳಿಸಿದ್ದೆವು.

ತಪ್ಪೊಪ್ಪಿಕೊಂಡೆವು. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಆಗಲೇಬೇಕು. ಚೀಟಿ ಬದಲಾಯಿತು; ಕಫದ ಪರೀಕ್ಷೆಯಲ್ಲಿ ಕ್ಷಯವೇ ಎಂದು ತಿಳಿಯಿತು. ಸರಕಾರದಿಂದ ಉಚಿತವಾಗಿ ದೊರೆಯುವ ಔಷಧವನ್ನು ಸಾಮಾನ್ಯವಾಗಿ ಆರು ತಿಂಗಳು ಬಿಡದೆ ಸೇವಿಸಿದರೆ ಗುಣವಾಗುವ ರೋಗವಿದು. ಅಲಕ್ಷಿಸಿದರೆ ಪ್ರಾಣಕ್ಕೇ ಎರವು, ಮನೆಮಂದಿಗೂ ಅಂಟುವ ಭಯ. ಅಜ್ಜಿ ಆ ಕೊನೆಯ ಮಾತನ್ನು ಆಡದೆಯೇ ಎದ್ದು ಹೋಗಿದ್ದರೆ ಎಂದು ನೆನೆದು ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ.

ದೋಷ ಅಜ್ಜಿಯದಲ್ಲ. ಹಳ್ಳಿಯ ಮಾತಿನಲ್ಲಿ ‘ಮೊನ್ನೆ’ ಎಂದರೆ ಕಳೆದುಹೋದ ಯಾವುದೋ ಒಂದು ದಿನ. ಹೈದರಾಬಾದಿನ ದಖನಿಯಲ್ಲಿಯೂ ‘ಪರ್ಸೋಂ’ ಎಂಬುದನ್ನು ಹೀಗೆಯೇ ಸಡಿಲವಾಗಿ ಬಳಸುತ್ತಾರೆ. ಆದರೆ ಶಿಷ್ಟ ಉರ್ದುವನ್ನು ಕಲಿತವರಿಗೆ ಅದು ಲೆಕ್ಕದ ಎರಡೇ ದಿನ.

ಅರಿಯದ ಶಬ್ದಕ್ಕಿಂತ ಅರಿತಂತೆ ತೋರುವ ಶಬ್ದವೇ ಹೆಚ್ಚು ಅಪಾಯಕರವೆಂದು ನಮಗೆ ಅಂದು ಮನವರಿಕೆಯಾಯಿತು. ತೆಲುಗಂತೂ ನಮ್ಮ ನುಡಿಯ ಸೋದರಿ. ಲಿಪಿಯೂ ಬಹುಮಟ್ಟಿಗೆ ಒಂದೇ. ಮೋಸವಿರುವುದೂ ಅಲ್ಲಿಯೇ. ದಾದಿ ಔಷಧವನ್ನು ‘ತಾಗಂಡಿ’ ಎಂದರೆ ಕುಡಿಯಿರಿ ಎಂದರ್ಥ; ನಮ್ಮವರ ಕಿವಿಗೆ ಅದು ಮುಟ್ಟುವ ಮಾತು. ‘ಅಡಗಂಡಿ’ ಎಂದರೆ ಕೇಳಿರಿ ಎಂದು; ನಮಗೆ ಬಚ್ಚಿಟ್ಟುಕೊಳ್ಳಿ ಎಂದಂತೆ. ನಮ್ಮವರು ಹೊಟ್ಟೆಯಲ್ಲಿ ‘ಉರಿ’ ಎಂದು ಗೋಳಾಡಿದರೆ ಕೇಳಿದವರು ಬೆಚ್ಚಿಬೀಳಬೇಕು. ತೆಲುಗಿನಲ್ಲಿ ಉರಿಯೆಂದರೆ ನೇಣು!

ಆ ದಿನದಿಂದ ನಾವು ಕೆಲವು ನಿಯಮಗಳನ್ನು ಇಟ್ಟುಕೊಂಡಿದ್ದೇವೆ. ರೋಗಿಯ ಮಾತು ಮುಗಿಯುವ ಮುನ್ನ ಬಾಯಿ ತೆರೆಯುವುದಿಲ್ಲ. ದಿನವನ್ನು ತಾರೀಖಿನಿಂದಲ್ಲ, ಯುಗಾದಿ, ನಾಗರ ಪಂಚಮಿ, ಬಿತ್ತನೆ, ರಾಶಿಗಳಿಂದ ಕೇಳಿ ಎಣಿಸುತ್ತೇವೆ. ತಿಳಿದುಕೊಂಡದ್ದನ್ನು ಕನ್ನಡದಲ್ಲಿ ಮರಳಿ ಒಪ್ಪಿಸಿ, ಅವರು ಹೌದೆಂದ ಬಳಿಕವೇ ವೈದ್ಯರಿಗೆ ಹೇಳುತ್ತೇವೆ. ನಮ್ಮದೊಂದು ಮಾತನ್ನು ಸೇರಿಸುವುದಿಲ್ಲ; ಅವರದೊಂದನ್ನು ಬಿಡುವುದಿಲ್ಲ. ತಿಳಿಯದಿದ್ದರೆ ಮತ್ತೊಮ್ಮೆ ಕೇಳಲು ನಾಚುವುದಿಲ್ಲ. ಸಾಲಿನಲ್ಲಿರುವವರು ಗೊಣಗುತ್ತಾರೆ, ಗೊಣಗಲಿ. ತಾಳಿದವನು ಬಾಳಿಯಾನು ಎಂಬುದು ಗಾದೆ. ದುಭಾಷಿ ತಾಳಿದರೆ ಬಾಳುವವರು ಬೇರೊಬ್ಬರು.

ಇದಕ್ಕೆ ಹಣ ಬೇಕಿಲ್ಲ, ಪದವಿ ಬೇಕಿಲ್ಲ. ಹೊಟ್ಟೆಪಾಡಿಗೆಂದು ಈ ಊರಿಗೆ ಬಂದು, ಬೈಗುಳ ತಿಂದು, ತಪ್ಪಾಡಿ ನಗೆಗೀಡಾಗಿ ನಾವೆಲ್ಲರೂ ಕಲಿತ ಎರಡು ಮೂರು ಭಾಷೆಗಳೇ ಸಾಕು. ನಿಮ್ಮ ಮುಂದಿನ ರಜೆಯಲ್ಲಿ ಎರಡು ಗಂಟೆ ಬಿಡುವಿದ್ದರೆ, ಹತ್ತಿರದ ಆಸ್ಪತ್ರೆಯ ಚೀಟಿ ಬರೆಸುವ ಕಿಟಕಿಯ ಬಳಿ ಒಮ್ಮೆ ನಿಂತು ನೋಡಿರಿ. ಗಂಟು ಹಿಡಿದುಕೊಂಡು ಅತ್ತಿತ್ತ ನೋಡುತ್ತಿರುವವರು ಕಂಡರೆ, “ಯಾವೂರಿನವರು?” ಎಂದು ಕನ್ನಡದಲ್ಲಿ ಕೇಳಿರಿ. ಉಳಿದುದನ್ನು ಅವರೇ ಹೇಳುತ್ತಾರೆ. ನಾವು ಪೂರ್ತಿ ಕೇಳಿದರಾಯಿತು.